ಕಿಮ್ಮತ್ತು ಯಾರದು?

2014ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಐಪಿಎಲ್ ಹರಾಜು ನಡೆಯಿತು. ಎರಡು ಕೋಟಿಯಿಂದ ಕೂಗು ಶುರುವಾದ ಯುವರಾಜ್ ಸಿಂಗ್ ಅವರನ್ನು ರಾಯಲ್ ಚಾಲೆಂಜರ್ಸ್ ತಂಡ 14 ಕೋಟಿ ರೂಪಾಯಿಗೆ ಕೊಂಡಿತು. ಆ ವರ್ಷ 14 ಪಂದ್ಯಗಳಲ್ಲಿ ಅವರು ಹೊಡೆದದ್ದು 376 ರನ್. ತಂಡ ಏಳನೆಯ ಸ್ಥಾನಕ್ಕೆ ನಿಂತಿತು, ಅವರನ್ನು ಕೈಬಿಟ್ಟಿತು. ಬೇರೆ ಯಾರಾದರೂ ಆಗಿದ್ದರೆ 376 ರನ್ ಮರ್ಯಾದೆಯ ಲೆಕ್ಕವೇ. ಆದರೆ ನಮ್ಮ ಜನ ರನ್ನಿನಿಂದ ರೂಪಾಯಿಯನ್ನು ಭಾಗಿಸಿದರು. ಒಂದೊಂದು ರನ್ನಿಗೆ ಮೂರು ಲಕ್ಷ ಎಪ್ಪತ್ತು ಸಾವಿರದ ಮೇಲೆ ಬಿತ್ತು. ‘ರೊಕ್ಕ ತಗೊಂಡು ಕುಂತ’ ಎಂದರು.

ಈ ಮಾತು ನ್ಯಾಯವೇ? ಅವರು ತಮ್ಮ ಮೇಲೆ ಬರೆದುಕೊಂಡ ಬೆಲೆ ಎರಡು ಕೋಟಿ. ಉಳಿದ ಹನ್ನೆರಡು ಕೋಟಿ ಬೆಳೆದದ್ದು ಮಾಲೀಕರ ಪೈಪೋಟಿಯಲ್ಲಿ. ಇನ್ನೊಬ್ಬರ ಹಟದ ಸಾಲವನ್ನು ಆಟಗಾರ ತನ್ನ ಬ್ಯಾಟಿನಿಂದ ತೀರಿಸಬೇಕೆ?

ಗೋಗಿ, ಶಹಾಪುರದ ಕಡೆ ನಾವು ‘ಕಿಮ್ಮತ್ತು’ ಎನ್ನುತ್ತೇವೆ. ಎತ್ತಿಗೂ ಕಿಮ್ಮತ್ತು, ಮಾತಿಗೂ ಕಿಮ್ಮತ್ತು. ಬೆಲೆ ಮತ್ತು ಮರ್ಯಾದೆ ಎರಡೂ ಒಂದೇ ಶಬ್ದದೊಳಗೆ ಸೇರಿಕೊಂಡಿವೆ. ಉರ್ದುವಿನಲ್ಲಿ ಇವೆರಡನ್ನು ಬೇರೆ ಇಡಲು ಅನುಕೂಲವಿದೆ: ಕೀಮತ್ ಬೇರೆ, ಕದ್ರ್ ಬೇರೆ. ಕೀಮತ್ ಪೇಟೆಯಲ್ಲಿ ಒಂದು ಗಳಿಗೆಯಲ್ಲಿ ಏರಿ ಇಳಿಯುತ್ತದೆ. ಕದ್ರ್ ಹಾಗಲ್ಲ. ಯುವರಾಜ್ ಕ್ಯಾನ್ಸರಿನಿಂದ ಎದ್ದು ಮೈದಾನಕ್ಕೆ ಮರಳಿದ್ದು 2012ರಲ್ಲಿ. ಎರಡು ವರ್ಷದಲ್ಲಿ ಅದು ಯಾರಿಗೂ ನೆನಪಿರಲಿಲ್ಲ.

ಹರಾಜಿನ ಆಟಗಾರನ ಪರವಾಗಿ ಇಷ್ಟು ಹೇಳಬಹುದು. ಆದರೆ ತಾನೇ ಮಾತಾಡಿ, ತಾನೇ ಕರಾರಿಗೆ ಸಹಿ ಹಾಕಿದವನಿಗೆ? ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅವಧಿ ಮುಗಿದ ಆಟಗಾರ ತನಗೆ ಬೇಕಾದ ತಂಡಕ್ಕೆ ಹೋಗಬಹುದು. 2016ರಲ್ಲಿ ಚಾಂಡ್ಲರ್ ಪಾರ್ಸನ್ಸ್ ಎಂಬವರು ನಾಲ್ಕು ವರ್ಷಕ್ಕೆ 9 ಕೋಟಿ 40 ಲಕ್ಷ ಡಾಲರಿಗೆ ಮೆಂಫಿಸ್ ತಂಡ ಸೇರಿದರು. ಮೊಣಕಾಲು ಕೈಕೊಟ್ಟಿತು, ಮೂರು ವರ್ಷಗಳಲ್ಲಿ ಆಡಿದ್ದು 95 ಪಂದ್ಯ. ಕುಂಟುವುದನ್ನು ಮುಚ್ಚಿಟ್ಟು ಸಂತೆಯಲ್ಲಿ ಎತ್ತು ಮಾರಿದರೆ ಅದು ಮೋಸ. ಆದರೆ ಈ ಮೊಣಕಾಲಿಗೆ ಮೊದಲೇ ಶಸ್ತ್ರಚಿಕಿತ್ಸೆ ಆಗಿದ್ದು ಎಲ್ಲರಿಗೂ ತಿಳಿದಿತ್ತು. ಗೊತ್ತಿದ್ದೂ ಕೊಂಡವರು ನಿರಾಸೆಯನ್ನೂ ಸೇರಿಸಿಯೇ ಕೊಂಡಿದ್ದರು. ಇಲ್ಲಿ ಆಟಗಾರನ ಹೊಣೆ ಎರಡೇ ಎಂದು ನನಗನಿಸುತ್ತದೆ: ದೇಹದ ವಿಚಾರ ಮುಚ್ಚಿಡಬಾರದು, ಹಣ ಕೈಸೇರಿದ ಮೇಲೆ ಬೆವರು ಕಡಿಮೆ ಮಾಡಬಾರದು. ಎರಡನೆಯದರಲ್ಲಿ ತಪ್ಪಿದವನನ್ನು ಜನ ಬೈದರೆ ನಾನು ಅಡ್ಡ ಬರುವುದಿಲ್ಲ.

ಆದರೆ ನಮ್ಮ ಸಿಟ್ಟು ಹೋಗಬೇಕಾದ ಕಡೆ ಹೋಗುತ್ತದೆಯೇ? 14 ಕೋಟಿಯ ಆ ಹರಾಜಿನಲ್ಲಿ ಬೆಂಗಳೂರು ತಂಡದ ಪರವಾಗಿ ಕೂತಿದ್ದವರು ವಿಜಯ್ ಮಲ್ಯ. ಅವರ ಕಿಂಗ್‌ಫಿಷರ್ ವಿಮಾನಗಳು 2012ರ ಅಕ್ಟೋಬರಿನಲ್ಲೇ ನಿಂತಿದ್ದವು, ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಇತ್ತು. ದುಡಿದೂ ಕೂಲಿ ಸಿಗದವರ ಲೆಕ್ಕವನ್ನು ಯಾವ ಚಹಾದಂಗಡಿಯಲ್ಲೂ ಯಾರೂ ಭಾಗಿಸಿ ನೋಡಲಿಲ್ಲ.

ಮನುಷ್ಯನಿಗೆ ಬೆಲೆ ಕಟ್ಟಿದ ಹಳೆಯ ಕಥೆಯೊಂದು ಗೋಗಿಯಲ್ಲೇ ಮಲಗಿದೆ. ಚಂದಾ ಹುಸೇನಿಯವರ ದರ್ಗಾದ ಬಳಿ ಆದಿಲಶಾಹಿಯ ಮೊದಲ ದೊರೆ ಯೂಸುಫನ ಗೋರಿ ಇದೆ. ಫರಿಷ್ತಾ ಬರೆದಂತೆ, ಈತ ಗುಲಾಮನಾಗಿ ಬೀದರಿಗೆ ಬಂದು ಮಹಮೂದ್ ಗವಾನನಿಗೆ ಮಾರಾಟವಾದವನು. ಕಥೆಯ ಎಲ್ಲ ವಿವರಗಳನ್ನು ಇತಿಹಾಸಕಾರರು ಒಪ್ಪುವುದಿಲ್ಲ, ಬಿಡಿ. 1490ರ ಸುಮಾರಿಗೆ ಬಿಜಾಪುರದಲ್ಲಿ ರಾಜ್ಯ ಕಟ್ಟಿದ, 1510ರಲ್ಲಿ ತೀರಿಕೊಂಡ. ದರ್ಗಾಕ್ಕೆ ಬಂದವರು ಯಾರೂ ಅವನು ಎಷ್ಟಕ್ಕೆ ಮಾರಾಟವಾದನೆಂದು ಕೇಳುವುದಿಲ್ಲ. ಗೆದ್ದವನ ಬೆಲೆ ಮರೆಯುತ್ತದೆ. ಕೋಟಿ ಎಣಿಸುವ ಆಟಗಾರ ಗುಲಾಮನಲ್ಲ, ಹೋಲಿಕೆ ಇಷ್ಟಕ್ಕೇ ನಿಲ್ಲಲಿ.

ನಮ್ಮ ಕರ್ನಾಟಕದ ಕೃಷ್ಣಪ್ಪ ಗೌತಮ್ ಅವರದು ಇನ್ನೂ ವಿಚಿತ್ರ. 2021ರ ಹರಾಜಿನಲ್ಲಿ 20 ಲಕ್ಷದಿಂದ ಹೊರಟ ಅವರ ಬೆಲೆ 9 ಕೋಟಿ 25 ಲಕ್ಷಕ್ಕೆ ಹೋಯಿತು. ಕೊಂಡ ಚೆನ್ನೈ ತಂಡ ಆ ವರ್ಷ ಕಪ್ ಗೆದ್ದಿತು, ಅವರಿಗೆ ಒಂದು ಪಂದ್ಯವನ್ನೂ ಕೊಡಲಿಲ್ಲ. ಮರುವರ್ಷ ಲಕ್ನೋ ತಂಡ 90 ಲಕ್ಷಕ್ಕೆ ಕೊಂಡಿತು. ನಡುವೆ ಐಪಿಎಲ್‌ನಲ್ಲಿ ಅವರು ಒಂದು ಚೆಂಡನ್ನೂ ಕೆಟ್ಟದಾಗಿ ಎಸೆದಿರಲಿಲ್ಲ.