ಆಸಕ್ತಿ ಮತ್ತು ಅದರ ತೋರಿಕೆ

ತ್ಯಾಗರಾಜನಗರದ ನಮ್ಮ ಮನೆಯ ಜಗುಲಿಗೆ ಈಗ ಕಬ್ಬಿಣದ ಜಾಲರಿ ಬಂದಿದೆ. ಆದರೂ ಸಂಜೆ ಅಲ್ಲಿ ಕುರ್ಚಿ ಹಾಕಿಕೊಂಡು ಕೂರುವ ನನ್ನ ಅಭ್ಯಾಸ ತಪ್ಪಿಲ್ಲ. ಹಿಂದೆ ಮೇಷ್ಟರಾಗಿದ್ದವನು ಎಂಬ ಒಂದೇ ಕಾರಣಕ್ಕೆ ಬೀದಿಯವರ ಅರ್ಜಿ, ಮಕ್ಕಳ ಪ್ರಬಂಧ, ಒಮ್ಮೊಮ್ಮೆ ಮದುವೆಯ ಕರೆಯೋಲೆಯ ಕರಡು ಕೂಡ ತಿದ್ದುಪಡಿಗೆಂದು ನನ್ನ ಬಳಿಗೆ ಬರುತ್ತವೆ. ಮೊನ್ನೆ ಹಾಗೆ ಬಂದದ್ದು ಎದುರುಮನೆಯ ಹುಡುಗಿಯ ಕಾಗದ. ಅವಳು ಅಮೆರಿಕದ ಒಂದು ಕಾಲೇಜಿಗೆ ಅರ್ಜಿ ಹಾಕುತ್ತಿದ್ದಾಳೆ.

“ತಾತ, ಇದನ್ನ ಸ್ವಲ್ಪ ನೋಡಿಕೊಡ್ತೀರಾ? ನಮ್ಮ ಕಾಲೇಜೇ ಯಾಕೆ ಬೇಕು ಅಂತ ಕೇಳಿದಾರೆ.”

ಆ ಕಾಲೇಜಿನಲ್ಲಿ ಓದಬೇಕೆಂಬುದು ತನ್ನ ಚಿಕ್ಕಂದಿನ ಕನಸು ಎಂದು ಮೊದಲ ಸಾಲಿನಲ್ಲೇ ಬರೆದಿದ್ದಳು.

“ಆ ಕಾಲೇಜಿನ ಹೆಸರು ನಿನಗೆ ಗೊತ್ತಾದದ್ದು ಯಾವಾಗ, ಮರಿ?”

ಹುಡುಗಿ ಸುಳ್ಳು ಹೇಳುವವಳಲ್ಲ. “ಹೋದ ತಿಂಗಳು” ಎಂದಳು. ಆಮೇಲೆ, “ಎಲ್ಲಾರೂ ಹಾಗೇ ಬರೀತಾರೆ ತಾತ. ಆಸಕ್ತಿ ಇದೆ ಅಂತ ತೋರಿಸಬೇಕಂತೆ” ಎಂದು ಸೇರಿಸಿದಳು.

ಅಲ್ಲಿನ ಪದ್ಧತಿ ಏನೆಂದು ವಿಚಾರಿಸಿದೆ. ಒಬ್ಬೊಬ್ಬ ವಿದ್ಯಾರ್ಥಿಯೂ ಹತ್ತು ಹನ್ನೆರಡು ಕಡೆ ಅರ್ಜಿ ಹಾಕುವುದರಿಂದ, ಸೀಟು ಕೊಟ್ಟರೆ ಇವನು ನಿಜವಾಗಿ ಬಂದು ಸೇರುತ್ತಾನೆಯೇ ಎಂಬ ಚಿಂತೆ ಅನೇಕ ಖಾಸಗಿ ಕಾಲೇಜುಗಳಿಗೆ. ಆದುದರಿಂದ ಕಾಲೇಜನ್ನು ನೋಡಲು ಬಂದನೇ, ಅವರ ಸಭೆಗೆ ಹಾಜರಾದನೇ, ಅವರು ಕಳುಹಿಸಿದ ಇ-ಮೇಲನ್ನು ತೆರೆದನೇ ಎಂಬುದನ್ನೆಲ್ಲ ಕೆಲವರು ಗುರುತು ಹಾಕಿಕೊಳ್ಳುತ್ತಾರಂತೆ. ಎಂ.ಐ.ಟಿ.ಯಂಥವು ಈ ಲೆಕ್ಕವನ್ನು ಇಟ್ಟುಕೊಳ್ಳುವುದಿಲ್ಲ. ಕರೆದರೆ ಬಾರದವರು ಅವರಿಗೆ ಕಡಿಮೆ.

ನಮ್ಮ ಭಾಷೆ ಈ ವಿಷಯದಲ್ಲಿ ಬಹಳ ಹುಷಾರು. ‘ತೋರಿಸು’ ಎಂಬುದರ ಪಕ್ಕದಲ್ಲೇ ‘ತೋರಿಕೆ’ ಎಂಬ ಮಾತನ್ನು ಇಟ್ಟುಕೊಂಡಿದೆ. ತೋರಿಕೆಯ ಸ್ನೇಹ, ತೋರಿಕೆಯ ಭಕ್ತಿ ಎಂದರೆ ಯಾರಿಗೂ ವಿವರಣೆ ಬೇಕಾಗುವುದಿಲ್ಲ. ಆದರೂ ತೋರಿಸದ ಆಸಕ್ತಿಯನ್ನು ಪರರು ತಿಳಿಯುವುದು ಹೇಗೆ? ಕಾಲೇಜಿನವರೇನು ಅಂತರ್ಯಾಮಿಗಳೇ? ಕೇಳುವುದೇ ತಪ್ಪು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಕೇಳಿದವರಲ್ಲಿ ನಾನೂ ಒಬ್ಬ.

1978ರಲ್ಲಿ ನಾನು ಒಂದು ಕಾಲೇಜಿನ ಬಿ.ಎಸ್‌ಸಿ. ಸಂದರ್ಶನದಲ್ಲಿ ಕೂತಿದ್ದೆ. ನಾವು ಮೂವರು ಮೇಷ್ಟರು, ಮುಂದೆ ಒಂದು ಉದ್ದನೆಯ ಮೇಜು, ಬಾಗಿಲಾಚೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹುಡುಗರ ಸಾಲು. ಎಲ್ಲರಿಗೂ ಒಂದೇ ಪ್ರಶ್ನೆ: ಈ ಕಾಲೇಜಿಗೇ ಏಕೆ ಬಂದೆ? ಸಂಸ್ಥಾಪಕರ ತ್ಯಾಗ, ಪ್ರಯೋಗಶಾಲೆಯ ಕೀರ್ತಿ, ಶಿಸ್ತು, ಪರಂಪರೆ ಎಲ್ಲವೂ ಬಂದವು. ಹೊಗಳಿಕೆ ಎಷ್ಟು ಹಳಸಿದ್ದರೂ ನಮ್ಮದೆಂದಾಗ ರುಚಿಯಾಗಿಯೇ ಇರುತ್ತದೆ; ನಾವು ತಲೆದೂಗಿ ಅಂಕ ಕೊಟ್ಟೆವು. ಆಮೇಲೆ ಕನಕಪುರದ ಕಡೆಯ ಒಬ್ಬ ಹುಡುಗ ಬಂದ. ಅದೇ ಪ್ರಶ್ನೆಗೆ ಅವನು, “ನಮ್ಮೂರ ಬಸ್ಸು ಇಲ್ಲೇ ನಿಲ್ತದೆ ಸಾರ್” ಎಂದ. ಮೂವರೂ ನಕ್ಕೆವು. ಅವನೂ ನಕ್ಕ, ಪಾಪ, ತಾನು ಸರಿಯಾಗಿಯೇ ಹೇಳಿದೆನೆಂದು. ಹತ್ತಕ್ಕೆ ಎರಡು ಅಂಕ ಹಾಕಿದೆವು.

ಸಂಜೆ ಅವನು ಬಸ್ಸಿಗಾಗಿ ಕಾಯುತ್ತ ನಿಂತಿದ್ದ. ಸುಮ್ಮನೆ ಮಾತನಾಡಿಸಿದೆ. ಅವನು ಎರಡು ದಿನ ಮುಂಚೆಯೇ ಒಮ್ಮೆ ಬಂದುಹೋಗಿದ್ದನಂತೆ. ಐದೂವರೆಯ ಬಸ್ಸು ಹತ್ತಿದರೆ ಮೊದಲ ಪಾಠಕ್ಕೆ ಸರಿಹೋಗುತ್ತದೆ. ಪ್ರಾಕ್ಟಿಕಲ್ಸ್ ಎಷ್ಟು ಗಂಟೆಗೆ ಮುಗಿಯುತ್ತದೆಂದು ಅಟೆಂಡರನ್ನು ಕೇಳಿಕೊಂಡಿದ್ದಾನೆ. ಸಾಯಂಕಾಲದ ಬಸ್ಸು ಹಿಡಿದರೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರಬಹುದು. ಇನ್ನೆರಡು ಕಾಲೇಜುಗಳನ್ನೂ ಹೀಗೆಯೇ ಲೆಕ್ಕ ಹಾಕಿ, ಆಗದೆಂದು ಬಿಟ್ಟಿದ್ದಾನೆ. ಆ ದಿನ ನಮ್ಮೆದುರು ಬಂದವರಲ್ಲಿ ನಮ್ಮ ಕಾಲೇಜಿನ ಬಗ್ಗೆ ಇಷ್ಟು ತಿಳಿದುಕೊಂಡಿದ್ದವನು ಇನ್ನೊಬ್ಬನಿರಲಿಲ್ಲ. ನಾನು ಪಟ್ಟಿಗೆ ಸಹಿ ಹಾಕಿ ಆಗಿತ್ತು. ಪ್ರಿನ್ಸಿಪಾಲರ ಕೋಣೆಯ ದೀಪ ಇನ್ನೂ ಉರಿಯುತ್ತಿತ್ತು. ಒಳಗೆ ಹೋಗಿ ಹೇಳಬಹುದಾಗಿತ್ತು. ಹಿರಿಯರಿಬ್ಬರು ಏನೆಂದುಕೊಂಡಾರೋ ಎಂದು ಹೋಗಲಿಲ್ಲ. ಅವನ ಹೆಸರು ಪಟ್ಟಿಯಲ್ಲಿ ಬರಲಿಲ್ಲ.

ಸಂದರ್ಶನವೆಂಬುದು ನಮ್ಮಲ್ಲಿ ಕೋರ್ಟಿನ ಮೆಟ್ಟಿಲನ್ನೂ ಹತ್ತಿದ್ದುಂಟು. 1963ರಲ್ಲಿ ಮೈಸೂರು ಸರ್ಕಾರವು ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶದಲ್ಲಿ, ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ನೂರಕ್ಕೆ 25ರಷ್ಟನ್ನು ಸಂದರ್ಶನಕ್ಕೆ ಗೊತ್ತುಮಾಡಿತು. ವ್ಯಕ್ತಿತ್ವ, ಸಾಮಾನ್ಯಜ್ಞಾನ, ಆಟ, ನಾಟಕ, ಚರ್ಚಾಸ್ಪರ್ಧೆ ಇವಕ್ಕೆಲ್ಲ ಅಂಕ. ಚಿತ್ರಲೇಖಾ ಎಂಬ ವಿದ್ಯಾರ್ಥಿನಿಯ ಹೆಸರಿನಲ್ಲಿ ಪ್ರಸಿದ್ಧವಾದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1964ರಲ್ಲಿ, ಒಬ್ಬ ನ್ಯಾಯಮೂರ್ತಿಗಳ ಭಿನ್ನಮತದೊಡನೆ, ಈ ಕ್ರಮವನ್ನು ಎತ್ತಿಹಿಡಿಯಿತು. ಕಾನೂನಿನ ದೃಷ್ಟಿಯಿಂದ ಸರಿಯೇ ಇದ್ದೀತು. ಮೇಜಿನ ಈಚೆ ಕೂತು ಕಂಡವನಿಗೆ ಮಾತ್ರ ಆ ಇಪ್ಪತ್ತೈದರ ಮೇಲೆ ಭಯವುಂಟು. 1994ರಲ್ಲಿ ಬಂದ ಸಿ.ಇ.ಟಿ. ಯಾರ ಆಸಕ್ತಿಯನ್ನೂ ವಿಚಾರಿಸುವುದಿಲ್ಲ. ಬಂದ ರ‍್ಯಾಂಕು, ಆರಿಸಿದ ಸೀಟು, ಮುಗಿಯಿತು. ಇದು ಹೃದಯವಿಲ್ಲದ ಯಂತ್ರವೆಂದು ಬೈಯುವವರಿದ್ದಾರೆ. ಬೈಯಲಿ. ಬಸ್ಸಿನ ವಿಷಯ ಹೇಳಿದನೆಂದು ಅದು ಯಾರನ್ನೂ ನೋಡಿ ನಗುವುದಿಲ್ಲ.

ಹಿಂದಿನವರು ಏನು ಮಾಡುತ್ತಿದ್ದರು? ಪ್ರಶ್ನೋಪನಿಷತ್ತಿನಲ್ಲಿ ಆರು ಮಂದಿ ಪಿಪ್ಪಲಾದನ ಬಳಿಗೆ ಕೈಯಲ್ಲಿ ಸಮಿತ್ತು ಹಿಡಿದು ಬರುತ್ತಾರೆ. ಆ ಕಟ್ಟಿಗೆಯ ಕಂತೆಯೇ ಅಂದಿನ ಅರ್ಜಿ ಎನ್ನಬಹುದು. ನಮ್ಮ ಅರ್ಜಿಗಳಿಗಿಂತ ಅದರಲ್ಲಿ ಒಂದು ಹೆಚ್ಚುಗಾರಿಕೆ, ಒಲೆಗಾದರೂ ಆಗುತ್ತಿತ್ತು. ಆದರೆ ಋಷಿ ಕಂತೆ ನೋಡಿ ಮರುಳಾಗಲಿಲ್ಲ. ಒಂದು ವರ್ಷ ಇಲ್ಲಿ ಶ್ರದ್ಧೆಯಿಂದ ಇರಿ, ಆಮೇಲೆ ಕೇಳಿ, ನಮಗೆ ತಿಳಿದಿದ್ದರೆ ಹೇಳುತ್ತೇವೆ ಎಂದ. ಮಾತಿಗೆ ಅಂಕ ಕೊಡಲಿಲ್ಲ, ದಿನಗಳಿಗೆ ಕೊಟ್ಟ.

ಅದೇ ಒಂದು ವರ್ಷದ ಗಡುವು ನಮ್ಮ ಬೆಂಗಳೂರಿನಲ್ಲೂ ಒಮ್ಮೆ ಬಂತು, ಆದರೆ ಬೇರೆ ಬಗೆಯಲ್ಲಿ. 1933ರಲ್ಲಿ ಮುಂಬಯಿಯ ಪದವೀಧರೆ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು) ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ಗೆ ಅರ್ಜಿ ಹಾಕಿದಾಗ, ಹೆಂಗಸು ಎಂಬ ಕಾರಣಕ್ಕೆ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ನಿರಾಕರಿಸಿದರು. ಆಕೆ ಬಿಡಲಿಲ್ಲ, ಇಲ್ಲಿಗೇ ಬಂದು ಪಟ್ಟು ಹಿಡಿದರು. ಕಡೆಗೆ ಒಂದು ವರ್ಷದ ಪರೀಕ್ಷಾವಧಿಯ ಮೇಲೆ, ಗಂಡಸರ ಗಮನ ಕೆಡಿಸಬಾರದೆಂಬ ಷರತ್ತಿನೊಡನೆ, ಸೇರಿಸಿಕೊಂಡರು. ವರ್ಷ ಕಳೆದ ಮೇಲೆ ರಾಮನ್ನರೇ ಒಪ್ಪಿದರು. 1939ರಲ್ಲಿ ಆಕೆ ಕೇಂಬ್ರಿಜ್‌ನ ಡಾಕ್ಟರೇಟ್ ಪಡೆದರು. ಕಥೆ ಚೆನ್ನಾಗಿಯೇ ಮುಗಿಯಿತು. ಆದರೆ ಪಿಪ್ಪಲಾದ ಆರು ಮಂದಿಗೂ ಒಂದೇ ವರ್ಷ ಹೇಳಿದ; ಇಲ್ಲಿ ಅದು ಆಕೆಯೊಬ್ಬಳಿಗೆ. ಜೊತೆಯ ಗಂಡುಹುಡುಗರ ಆಸಕ್ತಿಯನ್ನು ಯಾರೂ ತೂಗಲಿಲ್ಲ. ಆಸಕ್ತಿಯ ಪರೀಕ್ಷೆ ಯಾವಾಗಲೂ ಬಾಗಿಲಲ್ಲಿ ನಿಂತು, ಒಳಗೆ ಇರಬಾರದವರೆಂದು ಮೊದಲೇ ಅನ್ನಿಸಿದವರನ್ನೇ ಹೆಚ್ಚಾಗಿ ತಡೆಯುತ್ತದೆ. ನಾವು ಕನಕಪುರದ ಹುಡುಗನಿಗೆ ಮಾಡಿದ್ದೂ ಬೇರೆಯಲ್ಲ.

ಬೆಳಗಿನ ವಾಯುವಿಹಾರಕ್ಕೆ ನಾನು ನೆಟ್ಟಕಲ್ಲಪ್ಪ ಸರ್ಕಲ್ ದಾಟಿ ಬಸವನಗುಡಿಯ ನ್ಯಾಷನಲ್ ಕಾಲೇಜಿನವರೆಗೂ ಹೋಗುತ್ತೇನೆ. ಅಲ್ಲಿಗೆ ಹೋದಾಗಲೆಲ್ಲ ಎಚ್. ನರಸಿಂಹಯ್ಯನವರ ನೆನಪು. 1935ರಲ್ಲಿ ಗೌರಿಬಿದನೂರಿನ ಕಡೆಯ ಹೊಸೂರಿನ ಆ ಬಡ ಹುಡುಗ ನ್ಯಾಷನಲ್ ಹೈಸ್ಕೂಲು ಸೇರಲು ಸುಮಾರು 80 ಕಿಲೋಮೀಟರು ನಡೆದುಕೊಂಡು ಬೆಂಗಳೂರಿಗೆ ಬಂದ. ಮುಂದೆ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. 2005ರಲ್ಲಿ ತೀರಿಕೊಳ್ಳುವವರೆಗೂ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯೇ ಅವರ ಮನೆ. ಆಸಕ್ತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಕಾಲೇಜಿಗೆ ಸಿಕ್ಕೀತು? ಆದರೆ ಆ ಹುಡುಗ ನಡೆದದ್ದು ಯಾರಿಗೂ ತೋರಿಸುವುದಕ್ಕಲ್ಲ. ದಾರಿಯಲ್ಲಿ ನಿಂತು ಮೈಲಿ ಎಣಿಸುವವರು ಯಾರೂ ಇರಲಿಲ್ಲ. ನಡೆದು ಬಂದವರಿಗೇ ಸೀಟು ಎಂದು ಮಾರನೆಯ ವರ್ಷ ನಿಯಮ ಮಾಡಿದ್ದರೆ, ಯಲಹಂಕದವರೆಗೂ ಮೋಟಾರಿನಲ್ಲಿ ಬಂದು, ಅಲ್ಲಿ ಇಳಿದು, ಕಾಲಿಗೆ ಒಂದಿಷ್ಟು ಧೂಳು ಮೆತ್ತಿಕೊಂಡು ನಡೆಯುವ ಮಕ್ಕಳು ಸಾಲುಗಟ್ಟುತ್ತಿದ್ದರು. ಹಿಂದೆ ತಂದೆತಾಯಿ ನೀರಿನ ಕೂಜ ಹಿಡಿದು ಬರುತ್ತಿದ್ದರು.

ಇಷ್ಟೆಲ್ಲವನ್ನೂ ಆ ಹುಡುಗಿಗೆ ಹೇಳಲಿಲ್ಲ. ಬಸ್ಸಿನ ಹುಡುಗನ ವಿಷಯವಷ್ಟೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ಆ ಕಾಲೇಜನ್ನು ಪಟ್ಟಿಗೆ ಸೇರಿಸಿಕೊಂಡದ್ದು ಏಕೆಂದು ತಾನಾಗಿಯೇ ಹೇಳತೊಡಗಿದಳು. ಎರಡು ವರ್ಷದಿಂದ ಯಡಿಯೂರು ಕೆರೆಯ ನೀರನ್ನು ಸೀಸೆಗಳಲ್ಲಿ ತಂದು ಪರೀಕ್ಷೆ ಮಾಡುವ ಹುಚ್ಚು ಅವಳಿಗೆ. ಅಡಿಗೆಮನೆಯ ಕಿಟಕಿಯ ಮೇಲೆಲ್ಲ ಸೀಸೆಗಳು, ತಾಯಿಯ ಗೊಣಗಾಟ. ಆ ಕಾಲೇಜಿನಲ್ಲಿ ಮೊದಲ ವರ್ಷದವರನ್ನೇ ಕೆರೆಗೆ ಕರೆದುಕೊಂಡು ಹೋಗುತ್ತಾರಂತೆ. ಸಾಲ ಎಷ್ಟು ಕೊಡುತ್ತಾರೆಂಬುದನ್ನೂ ನೋಡಿಕೊಂಡಿದ್ದಳು.

“ಸೀಸೆ ವಿಷಯ ಇದರಲ್ಲಿ ಎಲ್ಲೂ ಇಲ್ಲವಲ್ಲ?”

“ಅದು ಚೆನ್ನಾಗಿ ಕಾಣಲ್ಲ ಅಂದ್ಕೊಂಡೆ ತಾತ.”

ನನ್ನ ಪೆನ್ನನ್ನು ತೆಗೆದುಕೊಂಡು ಚಿಕ್ಕಂದಿನ ಕನಸನ್ನು ತಾನೇ ಹೊಡೆದುಹಾಕಿದಳು. “ಹೀಗೆ ಬರೆದರೆ ಸೀಟು ಕೊಡ್ತಾರಾ?” ಎಂದು ಕೇಳಿದಳು. ಕೊಡದೆಯೂ ಇರಬಹುದು ಎಂದೆ. ಮೇಜಿನ ಆಚೆ ನಮ್ಮಂಥ ಮೂವರೇ ಕೂತಿದ್ದರೆ ಕೊಡುವುದಿಲ್ಲವೆಂದೂ ಹೇಳಿದೆ. ಕಾಗದವನ್ನು ಮಡಿಸಿಕೊಂಡು ಎದ್ದಳು. ಕೊನೆಯ ದಿನಾಂಕಕ್ಕೆ ಇನ್ನೂ ಎಂಟು ದಿನವಿದೆಯಂತೆ.