ಆರನೆಯ ದಿನದ ಗೋಡೆ

(ಕಡೂರು, ತರೀಕೆರೆ, ಅಜ್ಜಂಪುರ ಸಭೆಗಳ ಯೌವನಸ್ಥರ ಸಂಯುಕ್ತ ಕೂಟದಲ್ಲಿ ಕೊಟ್ಟ ಸಂದೇಶದ ಬರಹರೂಪ. ವಾಕ್ಯಭಾಗ: ಯೆಹೋಶುವ 6:1–16)

ಬೆಂಗಳೂರಿಂದ ರಾತ್ರಿ ಟ್ರೈನ್ ಹತ್ತಿ, ಇಳಿದು, ಮುಖ ತೊಳೆದು ನೇರ ಇಲ್ಲಿಗೇ ಬಂದವರು ಎಷ್ಟು ಜನ? ಕೈ ಎತ್ತಿ. ಹಲ್ಲೆಲೂಯ. ನಿದ್ದೆ ಬಂದ್ರೆ ಎದ್ದು ನಿಂತ್ಕೊಳ್ಳಿ, ನಾನೇನೂ ಅಂದ್ಕೊಳ್ಳಲ್ಲ.

ಇವತ್ತಿನ ವಿಷಯ ಕೇಳಿದ್ರೆ ಕೆಲವರಿಗೆ ನಗು ಬರಬಹುದು. ಹೋದ ತಿಂಗಳು ಪ್ರಾರ್ಥನಾ ವಿನಂತಿಯ ಡಬ್ಬಿ ತೆಗೆದೆವು. ಕೆಲಸ ಬೇಕು, ಮದುವೆ ಆಗಬೇಕು, ಅಪ್ಪನ ಕುಡಿತ ಬಿಡಬೇಕು ಅನ್ನೋ ಚೀಟಿಗಳ ಮಧ್ಯೆ ನಾಲ್ಕು ಚೀಟಿ ಹೆಚ್ಚುಕಮ್ಮಿ ಒಂದೇ ಮಾತು ಹೇಳ್ತಿದ್ವು. ತೂಕ ಇಳಿಸೋಕೆ ಶುರು ಮಾಡ್ತೀನಿ ಪಾಸ್ಟರ್, ಎರಡು ವಾರಕ್ಕೆ ಬಿಟ್ಟುಬಿಡ್ತೀನಿ, ನನಗೋಸ್ಕರ ಪ್ರಾರ್ಥನೆ ಮಾಡಿ. ಹೆಸರು ಬರೆದಿರಲಿಲ್ಲ. ಅಪ್ಪ ಕುಡೀತಾರೆ ಅಂತ ಹೆಸರು ಬರೆದು ಹೇಳೋ ಧೈರ್ಯ ಇರೋ ಮಕ್ಕಳಿಗೆ ಇದನ್ನ ಹೇಳೋಕೆ ನಾಚಿಕೆ. ಆ ನಾಚಿಕೆ ಎಲ್ಲಿಂದ ಬಂತು ಅಂತ ಯೋಚಿಸಿದಾಗ, ಪ್ರಿಯರೇ, ಪರಿಶುದ್ಧಾತ್ಮನು ನನ್ನನ್ನೇ ತೋರಿಸಿದನು.

ಎರಡು ವರ್ಷದ ಹಿಂದೆ ಇದೇ ಪ್ರಸಂಗಪೀಠದಿಂದ ನ್ಯಾಯಸ್ಥಾಪಕರು ಮೂರನೇ ಅಧ್ಯಾಯ ಬೋಧಿಸಿದೆ. ಮೋವಾಬಿನ ಅರಸ ಎಗ್ಲೋನ, ಬಹಳ ದಪ್ಪ ಮನುಷ್ಯ. ನಾನು ಅವನ ಹೊಟ್ಟೆಯನ್ನು ಕೈಯಲ್ಲಿ ನಟಿಸಿ ತೋರಿಸಿದೆ. ಸಭೆಯೆಲ್ಲ ನಕ್ಕಿತು, ನನಗೂ ಖುಷಿಯಾಯ್ತು. ಮುಂದಿನ ಭಾನುವಾರದಿಂದ ಒಬ್ಬ ತಂಗಿ ಬರೋದು ನಿಂತಿತು. ಹುಷಾರಿಲ್ಲವೇನೋ ಅಂದ್ಕೊಂಡೆ. ಎಂಟು ತಿಂಗಳಾದ ಮೇಲೆ ಅವಳ ತಾಯಿ ಹೇಳಿದ್ರು. ಆ ದಿನ ಹಿಂದಿನ ಸಾಲಿನಲ್ಲಿದ್ದ ಯಾರೋ ಅವಳ ಕಡೆ ತಿರುಗಿ ನೋಡಿ ನಕ್ಕಿದ್ದರಂತೆ. ಅದಕ್ಕೂ ಮೊದಲು ಆರಾಧನೆ ಮುಗಿದ ಮೇಲೆ ಕೈಕುಲುಕೋ ಹೊತ್ತಿನಲ್ಲಿ ಪ್ರತಿ ವಾರ ಒಬ್ಬರಲ್ಲ ಒಬ್ಬರು "ಇನ್ನೂ ದಪ್ಪ ಆಗಿದ್ಯಲ್ಲಮ್ಮ, ಮದುವೆ ವಯಸ್ಸು ಬೇರೆ" ಅಂತಿದ್ರಂತೆ. ನನ್ನ ಜೋಕು ಕೊನೇದು, ಅಷ್ಟೆ. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆದರೆ ಪಾಪ ಮಾಡಿದ್ದು ಎಲ್ಲರ ಎದುರಿಗೆ, ಹಾಗಾಗಿ ಇವತ್ತು ಎಲ್ಲರ ಎದುರಿಗೂ ಹೇಳ್ತಾ ಇದ್ದೀನಿ. ನಾನು ತಪ್ಪು ಮಾಡಿದೆ. ಅವಳು ಇನ್ನೂ ಬಂದಿಲ್ಲ.

ಸರಿ, ವಾಕ್ಯಕ್ಕೆ ಬರೋಣ. ಯೆರಿಕೋ ಪಟ್ಟಣ ಎಲ್ಲರಿಗೂ ಗೊತ್ತು, ಸಂಡೇ ಸ್ಕೂಲಲ್ಲಿ ಕುರ್ಚಿ ಸುತ್ತ ಸುತ್ತಿ ಆಡಿದ್ದೀವಿ. ನಾವು ಯಾವಾಗಲೂ ಏಳನೇ ದಿನದ ಬಗ್ಗೆ ಬೋಧಿಸ್ತೀವಿ. ಕೊಂಬು ಊದಿದರು, ಆರ್ಭಟಿಸಿದರು, ಗೋಡೆ ಬಿತ್ತು, ಸ್ತೋತ್ರ! ಇವತ್ತು ನನಗೆ ಆರನೇ ದಿನ ಬೇಕು. ಆರನೇ ದಿನದ ಸಾಯಂಕಾಲ ಇಸ್ರಾಯೇಲ್ಯರಲ್ಲಿ ಒಬ್ಬ ಹುಡುಗ ಪಾಳೆಯಕ್ಕೆ ಹಿಂದಿರುಗಿ ಚಪ್ಪಲಿ ಬಿಚ್ಚಿ ಕೂತ್ಕೊಂಡಿದ್ದಾನೆ ಅಂತ ಇಟ್ಕೊಳ್ಳಿ. ಆರು ದಿನ ನಡೆದಿದ್ದಾನೆ. ಗೋಡೆಯಿಂದ ಒಂದು ಇಟ್ಟಿಗೆ ಬಿದ್ದಿಲ್ಲ, ಒಂದು ಬಿರುಕಿಲ್ಲ. ಮೊದಲನೇ ದಿನ ಹೇಗಿತ್ತೋ ಹಾಗೇ ಇದೆ. ಮೇಲಿನಿಂದ ಯೆರಿಕೋದವರು ಇಣುಕಿ ನೋಡಿ, ಮತ್ತೆ ಬಂದ್ರು ವಾಕಿಂಗ್‌ಗೆ ಅಂತ ನಕ್ಕಿರಲೂಬಹುದು, ಅದು ವಾಕ್ಯದಲ್ಲಿಲ್ಲ, ನನ್ನ ಊಹೆ.

ನಿಮ್ಮ ಎರಡನೇ ವಾರ ಅಂದ್ರೆ ಇದೇ. ಮೊದಲ ವಾರ ಅನ್ನ, ಸಕ್ಕರೆ ಕಡಿಮೆ ಮಾಡಿದಾಗ ಎರಡು ಕಿಲೋ ಇಳಿಯುತ್ತೆ. ಸ್ಟೇಟಸ್ ಹಾಕ್ತೀರಿ. ಅದರಲ್ಲಿ ಹೆಚ್ಚಿನದು ನೀರು. ದೇಹ ಕೂಡಿಟ್ಟುಕೊಂಡ ಪಿಷ್ಟ ತನ್ನ ಜೊತೆ ನೀರನ್ನೂ ಹಿಡ್ಕೊಂಡಿರುತ್ತೆ, ಅದು ಖರ್ಚಾದಾಗ ನೀರೂ ಹೋಗುತ್ತೆ. ಆಮೇಲೆ ನಿಜವಾದ ಕೊಬ್ಬು ಕರಗೋದು ನಿಧಾನ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇದೆ. ಅರ್ಧ ಗಂಟೆ ಚುರುಕಾಗಿ ನಡೆದರೆ ಹೋಗೋದು ನೂರೈವತ್ತರ ಆಸುಪಾಸು. ಲೆಕ್ಕ ನೀವೇ ಹಾಕಿ. ಬಸ್ ಸ್ಟ್ಯಾಂಡಲ್ಲಿ ಮಂಡಕ್ಕಿ ಜೊತೆ ಎರಡು ಮೆಣಸಿನಕಾಯಿ ಬಜ್ಜಿ ತಿಂದ್ರೆ ಆ ನಡಿಗೆ ಅಲ್ಲಿಗೇ ಚುಕ್ತಾ. ಅಷ್ಟೇ ಅಲ್ಲ, ದೇಹ ಹಗುರ ಆದಹಾಗೆ ಅದಕ್ಕೆ ಬೇಕಾದ ಊಟವೂ ಕಡಿಮೆಯಾಗುತ್ತೆ. ಮೊದಲು ಇಳಿಸ್ತಿದ್ದ ಅದೇ ಊಟ ಈಗ ಇಳಿಸಲ್ಲ. ಮುಳ್ಳು ನಿಂತುಬಿಡುತ್ತೆ. ನೀವು, ನನ್ನಲ್ಲೇ ಏನೋ ತೊಂದರೆ, ದೇವರು ನನ್ನ ಪ್ರಾರ್ಥನೆ ಕೇಳ್ತಿಲ್ಲ ಅಂತ ಕೈಬಿಡ್ತೀರಿ. ಗೋಡೆ ನಿಂತಿದೆ ಅಂದ ಮಾತ್ರಕ್ಕೆ ನಡಿಗೆ ವ್ಯರ್ಥ ಅಂತಲ್ಲ.

ಇದಕ್ಕೆ ನಮ್ಮ ಪಕ್ಕದ ರಾಜ್ಯದ್ದೇ ಒಂದು ಸಾಕ್ಷಿ ಇದೆ. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿತು. 2006ರಲ್ಲಿ ಫಲಿತಾಂಶ ಪ್ರಕಟವಾಯ್ತು. ಊಟ ತಿದ್ದಿಕೊಂಡು, ನಡೆಯೋದನ್ನ ರೂಢಿ ಮಾಡಿಕೊಂಡ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರೋ ಅಪಾಯ ಶೇಕಡ 28.5ರಷ್ಟು ತಗ್ಗಿತು. ಇದರಲ್ಲಿ ನನಗೆ ಆಶ್ಚರ್ಯ ಆಗಿದ್ದು ಏನು ಗೊತ್ತಾ? ಅವರ ತೂಕ ಹೆಚ್ಚೇನೂ ಇಳಿದಿರಲಿಲ್ಲ! ತಕ್ಕಡಿ ನೋಡಿದವನು ಏನೂ ಆಗಿಲ್ಲ ಅಂತಿದ್ದ. ಒಳಗೆ ರಕ್ತದಲ್ಲಿ ಕೆಲಸ ನಡೀತಾ ಇತ್ತು. ಆಮೆನ್ ಅನ್ನಬೇಕಾದ ಜಾಗ ಇದು.

ಅದಕ್ಕೇ ತಕ್ಕಡಿ ಒಂದನ್ನೇ ನೋಡಬೇಡಿ. ಟೈಲರ್ ಟೇಪು ತಗೊಂಡು ಸೊಂಟ ಅಳೀರಿ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದ್ರೆ ಡಾಕ್ಟರು ಎಚ್ಚರಿಸ್ತಾರೆ. ನನ್ನದು 104 ಇತ್ತು. ಯೌವನಸ್ಥರ ಜೊತೆ ಕೆಮ್ಮಣ್ಣುಗುಂಡಿಗೆ ಹೋದಾಗ ಝೆಡ್ ಪಾಯಿಂಟ್ ದಾರಿಯಲ್ಲಿ ಅರ್ಧಕ್ಕೇ ಕೂತವನು ನಾನು. ಪ್ರಕೃತಿ ನೋಡ್ತಾ ಇದ್ದೀನಿ ಅಂತ ಹೇಳಿದ್ದೆ. ಸುಳ್ಳು, ಉಸಿರು ಸಿಗ್ತಿರಲಿಲ್ಲ. ಈಗ 98ಕ್ಕೆ ಬಂದಿದ್ದೀನಿ, ಒಂದೂವರೆ ವರ್ಷಕ್ಕೆ. ಮಧ್ಯೆ ಎರಡು ಸಲ ಪೂರ್ತಿ ಬಿಟ್ಟಿದ್ದೆ. ಕ್ರಿಸ್ಮಸ್ ಸಮಯದಲ್ಲಿ ಕ್ಯಾರಲ್ಸ್‌ಗೆ ಹೋದ ಪ್ರತಿ ಮನೆಯಲ್ಲೂ ಕೇಕು, ಕಜ್ಜಾಯ. ಬೇಡ ಅಂದ್ರೆ ಅಮ್ಮಂದಿರಿಗೆ ಬೇಜಾರು.

ಯೆಹೋಶುವನು ಜನರಿಗೆ ಕೊಟ್ಟ ಇನ್ನೊಂದು ಆಜ್ಞೆ ನೋಡಿ, ಹತ್ತನೇ ವಚನ. ನಾನು ಹೇಳುವ ತನಕ ಯಾರೂ ಬಾಯಿಂದ ಒಂದು ಮಾತೂ ಹೊರಡಿಸಬಾರದು ಅಂತ. ಯಾಕೆ? ನನಗನ್ನಿಸುತ್ತೆ, ಮಾತಾಡಲು ಬಿಟ್ಟಿದ್ರೆ ಮೂರನೇ ದಿನಕ್ಕೇ ಅವರು ಒಬ್ಬರಿಗೊಬ್ಬರು ನಿರುತ್ಸಾಹ ತುಂಬಿಬಿಡ್ತಿದ್ರು. ನಲವತ್ತು ವರ್ಷ ಅರಣ್ಯದಲ್ಲಿ ಗುಣುಗುಟ್ಟಿದ ಜನರ ಮಕ್ಕಳು ಅವರು, ಅಭ್ಯಾಸ ರಕ್ತದಲ್ಲಿದೆ. ಸುಮ್ಮನೆ ನಡೀರಿ. ಬೆಳಗ್ಗೆ ಎದ್ದು ಒಂದು ಸುತ್ತು, ವಾಪಸ್ ಪಾಳೆಯಕ್ಕೆ. ಮೊದಲನೇ ದಿನವೇ ಏಳು ಸುತ್ತು ಸುತ್ತಿ ಅಂತ ದೇವರು ಹೇಳಲಿಲ್ಲ ಗಮನಿಸಿ! ನಾವು ಜಿಮ್ಮಿಗೆ ದುಡ್ಡು ಕಟ್ಟಿದ ಮೊದಲನೇ ದಿನವೇ ಏಳು ಸುತ್ತು ಸುತ್ತಿ, ಎರಡನೇ ದಿನ ಮಂಚದಿಂದ ಏಳೋಕಾಗಲ್ಲ.

ಗಲಾತ್ಯ ಐದರಲ್ಲಿ ಆತ್ಮನ ಫಲಗಳ ಪಟ್ಟಿಯಲ್ಲಿ ಕೊನೆಯದು ಶಮೆದಮೆ. ಅಂದ್ರೆ ಮನಸ್ಸನ್ನೂ ಇಂದ್ರಿಯಗಳನ್ನೂ ಹಿಡಿತದಲ್ಲಿಡೋದು. ನಾವು ಪೆಂತೆಕೋಸ್ತಿನವರಿಗೆ ವರಗಳು ಅಂದ್ರೆ ಇಷ್ಟ, ಯಾಕಂದ್ರೆ ವರ ಒಂದೇ ಕೂಟದಲ್ಲಿ ಸಿಗಬಹುದು. ಫಲ ಹಾಗಲ್ಲ. ಕಡೂರಿನವರಿಗೆ ನಾನು ತೆಂಗಿನ ಬಗ್ಗೆ ಪಾಠ ಹೇಳಬೇಕಾ? ನಾಟಿ ತೆಂಗಿನ ಸಸಿ ನೆಟ್ರೆ ಕಾಯಿ ಬಿಡೋಕೆ ಆರೇಳು ವರ್ಷ. ತರೀಕೆರೆಯವರ ಅಡಿಕೆಗೂ ಐದಾರು ವರ್ಷ ಬೇಕು. ಬೇರು ಬಿಟ್ಟಿದೆಯಾ ಅಂತ ಯಾವ ಅಪ್ಪನೂ ವಾರಕ್ಕೊಮ್ಮೆ ಸಸಿ ಕಿತ್ತು ನೋಡಲ್ಲ. ಇನ್ನೊಂದು ವಿಷಯ, ಫಲಕ್ಕೆ ಬಂದ ಮರಕ್ಕೂ ಬೇಸಿಗೆಯಲ್ಲಿ ನೀರು ನಿಲ್ಲಿಸಿದ್ರೆ ಹರಳು ಉದುರುತ್ತೆ. ಹತ್ತು ಕಿಲೋ ಇಳಿಸಿದ ಮೇಲೆ ಮುಗೀತು ಅಂತ ಮತ್ತೆ ಹಳೇ ದಾರಿ ಹಿಡಿದವರು ಇದನ್ನ ನೆನಪಿಟ್ಕೊಳ್ಳಿ.

ಕೆಲವು ತಪ್ಪು ಬೋಧನೆಗಳನ್ನ ಇಲ್ಲೇ ತೆಗೆದುಬಿಡ್ತೀನಿ. ಇಬ್ರಿಯ ಹನ್ನೆರಡರ ಭಾರವನ್ನು ತೆಗೆದಿಡುವ ಮಾತು ನಿಮ್ಮ ಹೊಟ್ಟೆಯ ಬಗ್ಗೆ ಅಲ್ಲ, ದಯವಿಟ್ಟು ಆ ವಚನ ಬರೆದು ಜಿಮ್ ಫೋಟೋ ಹಾಕಬೇಡಿ. ದಪ್ಪ ಇರೋದು ಪಾಪದ ಗುರುತಲ್ಲ. ಥೈರಾಯ್ಡ್ ಇರಬಹುದು, ಪಿಸಿಒಎಸ್ ಇರಬಹುದು, ತಗೊಳ್ಳೋ ಮಾತ್ರೆ ಕಾರಣ ಇರಬಹುದು, ನೈಟ್ ಶಿಫ್ಟ್ ಇರಬಹುದು, ವಂಶದಲ್ಲೇ ಇರಬಹುದು. ಅದಕ್ಕೂ ಒಂದು ದುರಾತ್ಮ ಇದೆ ಅಂತ ಬಿಡಿಸೋಕೆ ಹೊರಡೋರ ಹತ್ತಿರ ಹೋಗಬೇಡಿ, ಡಾಕ್ಟರ ಹತ್ತಿರ ಹೋಗಿ. ಮತ್ತೆ ಉಪವಾಸ ಪ್ರಾರ್ಥನೆ. ಶುಕ್ರವಾರ ಉಪವಾಸ ಇದ್ದು, ಸಾಯಂಕಾಲ ಉಪವಾಸ ಬಿಡೋವಾಗ ಎರಡು ತಟ್ಟೆ ಬಿರಿಯಾನಿ ಹೊಡೆದ್ರೆ ಆತ್ಮಕ್ಕೂ ಲಾಭ ಇಲ್ಲ, ದೇಹಕ್ಕೂ ಇಲ್ಲ. ದೇವರ ಮುಖ ಹುಡುಕೋಕೆ ಉಪವಾಸ, ಮುಳ್ಳು ಇಳಿಸೋಕಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಡಾಕ್ಟರನ್ನ ಕೇಳದೆ ಉಪವಾಸ ಮಾಡಲೇಬೇಡಿ, ಸಕ್ಕರೆ ಕುಸಿದು ಬಿದ್ದುಹೋಗ್ತೀರಿ. ಇನ್ನೊಂದು ಮಾತು ಮೆಲ್ಲಗೆ ಹೇಳ್ತೀನಿ. ತಿಂದು ಆಮೇಲೆ ಬಾತ್‌ರೂಮಿಗೆ ಹೋಗಿ ವಾಂತಿ ಮಾಡೋರು, ದಿನಗಟ್ಟಲೆ ಬರೀ ನೀರಲ್ಲಿರೋರು ನಮ್ಮಲ್ಲಿ ಇದ್ದರೆ, ಅದು ಶಮೆದಮೆ ಅಲ್ಲ ಮಗು. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ನಮ್ಮ ಪಾಸ್ಟರಮ್ಮನ ಹತ್ತಿರ ಮಾತಾಡಿ, ಅವರು ಯಾರಿಗೂ ಹೇಳಲ್ಲ, ನನಗೂ.

ಎಲೀಯನನ್ನ ನೆನಪು ಮಾಡ್ಕೊಳ್ಳಿ, ಮೊದಲನೇ ಅರಸುಗಳು ಹತ್ತೊಂಬತ್ತು. ಸಾಕಾಯ್ತು ಕರ್ತನೇ ಅಂತ ಗಿಡದ ಕೆಳಗೆ ಮಲಗಿದವನಿಗೆ ದೇವದೂತನು ಬೈಯಲಿಲ್ಲ. ಮುಟ್ಟಿ ಎಬ್ಬಿಸಿ ರೊಟ್ಟಿ ಕೊಟ್ಟನು, ನೀರು ಕೊಟ್ಟನು, ಮತ್ತೆ ಮಲಗಲು ಬಿಟ್ಟನು. ಎರಡನೇ ಸಲ ಬಂದಾಗಲೂ, ಎದ್ದು ತಿನ್ನು, ನಿನ್ನ ದಾರಿ ದೂರ ಇದೆ ಅಂದನು. ನಮ್ಮ ದೇವರು ನಿಮ್ಮ ದೇಹವನ್ನ ದ್ವೇಷಿಸಲ್ಲ. ಹಾಗಿದ್ದ ಮೇಲೆ ಕನ್ನಡಿ ಮುಂದೆ ನಿಂತು ಅದನ್ನ ಬೈಯೋ ಅಧಿಕಾರ ನಿಮಗೆ ಯಾರು ಕೊಟ್ರು?

ಈಗ ಸಭೆಯಾಗಿ ನಾವು ಮಾಡೋದು. ಹಿರಿಯರ ಹತ್ತಿರ ಮಾತಾಡಿದ್ದೀನಿ. ಮನೆ ಪ್ರಾರ್ಥನೆಯಲ್ಲಿ ಬಜ್ಜಿ, ಕೇಸರಿಬಾತು ಕಡ್ಡಾಯ ಅಲ್ಲ. ಕಡಲೆಕಾಳು ಉಸಲಿ, ಮಜ್ಜಿಗೆ ಸಾಕು. ಟೀ ಎರಡು ಫ್ಲಾಸ್ಕ್, ಒಂದು ಸಕ್ಕರೆ ಇಲ್ಲದ್ದು. ಬೆಳಗ್ಗೆ ಆರಕ್ಕೆ ತರೀಕೆರೆಯವರು ಕೆರೆ ಏರಿ ಮೇಲೆ, ಕಡೂರಿನವರು ಕಾಲೇಜು ಮೈದಾನದಲ್ಲಿ, ಅಜ್ಜಂಪುರದವರು ಅಮೃತಮಹಲ್ ತಳಿ ಕೇಂದ್ರದ ಕಡೆ ರಸ್ತೆಯಲ್ಲಿ ನಡೆಯೋದು. ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದ ತಳಿ ಅದು. ಆ ಎತ್ತುಗಳ ಮೈಯಲ್ಲಿ ಬೊಜ್ಜು ಕಾಣಲ್ಲ, ಕಾವಲಿನಲ್ಲಿ ಮೇಯ್ದು ನಡೆದು ಬಂದ ಮೈ. ನಮ್ಮ ಗುಂಪಿನಲ್ಲಿ ಮಾತ್ರ ನಿಧಾನಕ್ಕೆ ನಡೆಯೋರ ಜೊತೆ ಯಾರಾದ್ರೂ ಒಬ್ಬರು ಹಿಂದೆ ಇರಲೇಬೇಕು. ಬೆಂಗಳೂರಲ್ಲಿರೋರು ಪಿಜಿಯಿಂದಲೇ ಅದೇ ಹೊತ್ತಿಗೆ ನಡೀರಿ, ಗುಂಪಿಗೆ ನಡೆದೆ ಅಂತ ಒಂದು ಮೆಸೇಜ್ ಹಾಕಿ. ಕಿಲೋ ಎಷ್ಟು ಅಂತ ಯಾರೂ ಹಾಕಬಾರದು, ಯಾರೂ ಕೇಳಬಾರದು. ತಪ್ಪಿಸಿದ ದಿನಕ್ಕೂ ವಿವರಣೆ ಬೇಡ, ಮಾರನೇ ದಿನ ಬನ್ನಿ, ಅಷ್ಟೆ.

ಕೈಕುಲುಕೋವಾಗ ಒಬ್ಬರ ಮೈ ಬಗ್ಗೆ ಮಾತಾಡೋದು ಇವತ್ತಿಗೆ ಈ ಮೂರೂ ಸಭೆಗಳಲ್ಲಿ ನಿಲ್ಲಬೇಕು. ಸಣ್ಣ ಆಗಿದ್ದೀಯ ಅಂತಲೂ ಬೇಡ. ಹೇಗಿದ್ದೀಯಮ್ಮ ಅಂತ ಕೇಳಿ, ಉತ್ತರ ಬರೋ ತನಕ ನಿಲ್ಲಿ.

ಎಲ್ಲರೂ ಎದ್ದು ನಿಲ್ಲೋಣ. ಮಂಡಿನೋವು ಇರೋರು ಕೂತೇ ಇರಿ. ಕಣ್ಣು ಮುಚ್ಚಿ. ಕರ್ತನೇ, ಆ ಮಗಳ ಮನೆ ಬಾಗಿಲಿಗೆ ಈ ಸಾಯಂಕಾಲ ಮತ್ತೆ ಹೋಗ್ತಾ ಇದ್ದೀವಿ. ಅವಳು ಬಾಗಿಲು ತೆಗೆದರೆ ಏನು ಹೇಳಬೇಕು ಅನ್ನೋದನ್ನ ನೀನೇ ನಮ್ಮ ಬಾಯಲ್ಲಿಡು. ತೆಗೆಯದಿದ್ದರೆ ಸುಮ್ಮನೆ ಹಿಂದಿರುಗಿ, ನಾಳೆ ಮತ್ತೆ ಹೋಗುವ ಕೃಪೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.