ಅಂಕ ಕೊಡುವ ಕಣ್ಣುಗಳು



ಮಾನವನನ್ನು ಅತ್ಯುತ್ತಮವಾದ ರೂಪದಲ್ಲಿ ಸೃಷ್ಟಿಸಲಾಗಿದೆಯೆಂದು ಪವಿತ್ರ ಕುರ್‌ಆನಿನ ‘ಅತ್ತೀನ್’ ಅಧ್ಯಾಯವು ಸಾರುತ್ತದೆ. ಬಿಳಿಯರು-ಕರಿಯರು, ಎತ್ತರದವರು-ಕುಳ್ಳರು ಎಂಬ ವಿಂಗಡಣೆ ಅಲ್ಲಿಲ್ಲ. ಸೃಷ್ಟಿಕರ್ತನೇ ಎಲ್ಲರಿಗೂ ಪೂರ್ಣಾಂಕ ಕೊಟ್ಟಿರುವ ವಿಷಯದಲ್ಲಿ ಸೃಷ್ಟಿಗಳು ಸಾಲಾಗಿ ಕುಳಿತು ಮರುಪರೀಕ್ಷೆ ಮಾಡುವುದೆಂದರೆ ಅದೆಂತಹ ಧಾರ್ಷ್ಟ್ಯ! ಸೌಂದರ್ಯ ಸ್ಪರ್ಧೆಗಳ ಕುರಿತು ಆಲೋಚಿಸುವಾಗ ನಾವು ಮೊದಲು ಗಮನಿಸಬೇಕಾದ ವಿಷಯ ಇದು.

ನಮ್ಮ ನಾಡಿನವರಿಗೆ ಈ ಸ್ಪರ್ಧೆಯ ಪರಿಚಯವನ್ನು ಬೇರೆ ಯಾರೂ ಮಾಡಿಕೊಡಬೇಕಾಗಿಲ್ಲ. 1996ರ ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು. ಚಿತ್ರನಟ ಅಮಿತಾಭ್ ಬಚ್ಚನ್‌ರ ಎಬಿಸಿಎಲ್ ಕಂಪೆನಿ ಅದರ ಸಂಘಟಕನಾಗಿತ್ತು. 88 ದೇಶ-ಪ್ರದೇಶಗಳ ಯುವತಿಯರು ಬಂದಿದ್ದರು. ಮಹಿಳಾ ಸಂಘಟನೆಗಳು ಬೀದಿಗಿಳಿದವು. ರೈತ ಸಂಘ ವಿರೋಧಿಸಿತು. ಬೇರಾವ ವಿಷಯದಲ್ಲೂ ಒಂದಾಗದ ರಾಜಕೀಯ ಪಕ್ಷಗಳವರು ಇದೊಂದನ್ನು ವಿರೋಧಿಸುವುದರಲ್ಲಿ ಒಂದಾದರು. ವಿವಾದವು ಹೈಕೋರ್ಟಿನ ಮೆಟ್ಟಿಲೇರಿತು. ಮದುರೈಯಲ್ಲಿ ಒಬ್ಬ ಯುವಕ ಪ್ರತಿಭಟನೆಯಾಗಿ ತನಗೆ ತಾನೇ ಬೆಂಕಿ ಹಚ್ಚಿಕೊಂಡು ಪ್ರಾಣ ಕಳೆದುಕೊಂಡ. ಈಜುಡುಗೆಯ ಸುತ್ತನ್ನು ದೂರದ ಸೆಷೆಲ್ಸ್ ದ್ವೀಪಕ್ಕೆ ಸಾಗಿಸಲಾಯಿತು. ಕೊನೆಗೆ ಸಾವಿರಾರು ಪೊಲೀಸರ ಕಾವಲಿನಲ್ಲಿ ಗ್ರೀಸ್ ದೇಶದ ಐರೀನ್ ಸ್ಕ್ಲಿವಾ ಕಿರೀಟ ಧರಿಸಿದರು. ಸಂಘಟಕ ಕಂಪೆನಿಯು ಬಳಿಕ ಸಾಲದಲ್ಲಿ ಮುಳುಗಿತು.

ಇಷ್ಟಾದರೂ ಅಂದು ಸೋತವರು ಯಾರು, ಗೆದ್ದವರು ಯಾರು?

ಕ್ರೀಡಾಂಗಣದೊಳಗೆ ಹೋಗಿ ನೋಡಿದವರು ಕೆಲವು ಸಾವಿರ ಮಂದಿ ಮಾತ್ರ. ಮಿಕ್ಕವರೆಲ್ಲ ನೋಡಿದ್ದು ತಮ್ಮ ತಮ್ಮ ಮನೆಯ ಟಿ.ವಿ.ಯಲ್ಲಿ. ಕ್ರೀಡಾಂಗಣದ ಬಾಗಿಲಲ್ಲಿ ಪ್ರತಿಭಟಿಸುವವರಿದ್ದರು, ತಡೆಯುವ ಪೊಲೀಸರಿದ್ದರು. ನಮ್ಮ ನಡುಮನೆಯ ಬಾಗಿಲಲ್ಲಿ ಯಾರಿದ್ದರು? ಹಗಲು ಸ್ಪರ್ಧೆಯನ್ನು ಖಂಡಿಸಿ ರಾತ್ರಿ ಅದನ್ನೇ ಕಣ್ತುಂಬ ನೋಡಿದವರು ಎಷ್ಟೋ ಮಂದಿ ಇದ್ದಿರಬಹುದು. ಅವರ ಖಂಡನೆಗೆ ಅಲ್ಲಾಹನ ಬಳಿ ಯಾವ ಬೆಲೆಯಿದ್ದೀತು?

ಲಜ್ಜೆಯ ವಿಷಯ ಬಂದಾಗಲೆಲ್ಲ ನಾವು ಸ್ತ್ರೀಯರ ಉಡುಪಿನ ಬಗ್ಗೆ ಮಾತನಾಡುತ್ತೇವೆ. ಆದರೆ ‘ಅನ್ನೂರ್’ ಅಧ್ಯಾಯವನ್ನು ತೆರೆದು ನೋಡಿರಿ. ದೃಷ್ಟಿಯನ್ನು ತಗ್ಗಿಸುವ ಆದೇಶವು 30ನೇ ಸೂಕ್ತದಲ್ಲಿ ಮೊದಲು ಸತ್ಯವಿಶ್ವಾಸಿ ಪುರುಷರಿಗೆ ಬಂದಿದೆ. ಸ್ತ್ರೀಯರಿಗಿರುವ ಆದೇಶವು ಅದರ ನಂತರ, 31ನೇ ಸೂಕ್ತದಲ್ಲಿದೆ. ಈ ಕ್ರಮದಲ್ಲೂ ನಮಗೆ ಪಾಠವಿದೆ.

ವಿದಾಯ ಹಜ್ಜ್‌ನ ಒಂದು ಘಟನೆಯು ಹದೀಸ್ ಗ್ರಂಥಗಳಲ್ಲಿದೆ. ಯುವಕರಾದ ಫಝ್ಲ್ ಬಿನ್ ಅಬ್ಬಾಸ್(ರ) ಪ್ರವಾದಿ(ಸ)ಯವರ ಹಿಂದೆ ಅದೇ ಒಂಟೆಯ ಮೇಲೆ ಕುಳಿತಿದ್ದರು. ಖಸ್‌ಅಮ್ ಗೋತ್ರದ ಓರ್ವ ಸ್ತ್ರೀ ತನ್ನ ವೃದ್ಧ ತಂದೆಯ ಹಜ್ಜ್‌ನ ಬಗ್ಗೆ ಪ್ರಶ್ನೆ ಕೇಳಲು ಬಂದರು. ಫಝ್ಲ್(ರ)ರ ದೃಷ್ಟಿ ಆಕೆಯ ಮೇಲೆ ನೆಟ್ಟಿತು. ಪ್ರವಾದಿವರ್ಯರು(ಸ) ಆಗ ಮಾಡಿದ್ದೇನು? ಫಝ್ಲ್(ರ)ರ ಮುಖವನ್ನು ತಮ್ಮ ಕೈಯಿಂದ ಇನ್ನೊಂದು ಕಡೆಗೆ ತಿರುಗಿಸಿದರು. ಆ ಸ್ತ್ರೀಯ ಪ್ರಶ್ನೆಗೆ ಸೌಮ್ಯವಾಗಿ ಉತ್ತರಿಸಿದರು. ಗದರಿಕೆಯಿಲ್ಲ, ಗದ್ದಲವಿಲ್ಲ. ನೋಡುವವನ ಕತ್ತು ತಿರುಗಿತು, ಕೇಳುವವಳ ಗೌರವ ಉಳಿಯಿತು. ಸಹೋದರರೇ, ನಮ್ಮ ಕೈಯಲ್ಲಿರುವ ರಿಮೋಟಿನ ಒಂದು ಗುಂಡಿಗೂ ಇಷ್ಟೇ ಕೆಲಸವಿದೆ.

ಈ ಸ್ಪರ್ಧೆಗಳು ವ್ಯಾಪಾರದ ಮಕ್ಕಳು ಎಂಬುದನ್ನೂ ಮರೆಯಬಾರದು. 1951ರಲ್ಲಿ ಲಂಡನ್ನಿನಲ್ಲಿ ‘ಫೆಸ್ಟಿವಲ್ ಆಫ್ ಬ್ರಿಟನ್’ ನಡೆಯುತ್ತಿದ್ದಾಗ ಎರಿಕ್ ಮಾರ್ಲಿ ಎಂಬವರು ಪ್ರಚಾರಕ್ಕಾಗಿ ಈಜುಡುಗೆಯ ಸ್ಪರ್ಧೆಯನ್ನು ಏರ್ಪಡಿಸಿದರು. ವಿಶ್ವಸುಂದರಿ ಸ್ಪರ್ಧೆ ಹುಟ್ಟಿದ್ದು ಹೀಗೆ. ಮುಂದೆ ಟಿ.ವಿ. ಅದಕ್ಕೆ ರೆಕ್ಕೆ ಕಟ್ಟಿತು. ಟಿ.ವಿ. ಕಂಪೆನಿಗಳು ಕಾರ್ಯಕ್ರಮ ತೋರಿಸುವುದು ನಮ್ಮ ಮೇಲಿನ ಪ್ರೀತಿಯಿಂದಲ್ಲ. ಎಷ್ಟು ಕಣ್ಣುಗಳು ನೋಡುತ್ತಿವೆಯೆಂದು ಲೆಕ್ಕ ಹಾಕಿ, ಆ ಕಣ್ಣುಗಳನ್ನು ಸಾಬೂನು, ಮುಲಾಮುಗಳನ್ನು ಮಾರುವವರಿಗೆ ಅವು ಮಾರುತ್ತವೆ. 1991ರ ಬಳಿಕ ನಮ್ಮ ಮಾರುಕಟ್ಟೆ ಜಗತ್ತಿಗೆ ತೆರೆಯಿತು. 1994ರ ಒಂದೇ ವರ್ಷದಲ್ಲಿ ಭುವನ ಸುಂದರಿ ಮತ್ತು ವಿಶ್ವಸುಂದರಿ ಎಂಬ ಎರಡೂ ಕಿರೀಟಗಳು ಭಾರತಕ್ಕೆ ಬಂದವು. 1996ರಲ್ಲಿ ಸ್ಪರ್ಧೆಯೇ ಬಂದಿತು. ಮತ್ತೆ 2024ರಲ್ಲಿ ಮುಂಬಯಿಗೆ, 2025ರಲ್ಲಿ ಹೈದರಾಬಾದಿಗೆ ಬಂದಿತು. ಈಜುಡುಗೆಯ ಸುತ್ತನ್ನು ಕೈಬಿಡುವುದಾಗಿ ಸಂಘಟಕರೇ 2014ರಲ್ಲಿ ಪ್ರಕಟಿಸಿದ್ದರು. ಉಡುಪಿನಲ್ಲಿ ಬದಲಾವಣೆಯಾಯಿತು. ಹೆಣ್ಣನ್ನು ಸಾಲಿನಲ್ಲಿ ನಿಲ್ಲಿಸಿ ಅಳೆಯುವುದು ನಿಲ್ಲಲಿಲ್ಲ.

ತಾಯಂದಿರೇ, ಈಗ ನಾವು ಸ್ವಲ್ಪ ನಮ್ಮ ಮನೆಯೊಳಗೂ ನೋಡೋಣ.

ಅಳೆಯುವ ಆ ಕೆಲಸ ನಮ್ಮ ಮನೆಗಳಲ್ಲಿ ನಡೆಯುತ್ತಿಲ್ಲವೇ? ಹೆಣ್ಣು ನೋಡಲು ಹೋಗುವ ನಮ್ಮ ಸಂಪ್ರದಾಯವನ್ನೇ ತೆಗೆದುಕೊಳ್ಳಿರಿ. ವರನ ತಾಯಿ, ಅತ್ತೆ, ಚಿಕ್ಕಮ್ಮ, ಅಕ್ಕಂದಿರು ಸಾಲಾಗಿ ಕುಳಿತುಕೊಳ್ಳುತ್ತಾರೆ. ಹುಡುಗಿ ತಟ್ಟೆ ಹಿಡಿದು ಬರುತ್ತಾಳೆ. ಬಣ್ಣ ಸಾಲದು, ಎತ್ತರ ಸಾಲದು, ಹಲ್ಲು ಸ್ವಲ್ಪ ಮುಂದಿದೆ ಎಂಬ ತೀರ್ಪು ಹೊರಡುತ್ತದೆ. ಎಣ್ಣೆಗಪ್ಪು ಬಣ್ಣವೆಂಬ ‘ಕೊರತೆ’ಗೆ ಇಷ್ಟು ಪವನು ಚಿನ್ನ, ಇಷ್ಟು ನಗದು ಎಂಬ ದಂಡವನ್ನೂ ವಿಧಿಸಲಾಗುತ್ತದೆ. ಬೆಂಗಳೂರಿನ ಸ್ಪರ್ಧೆಗೆ ಹೋದ ಯುವತಿಯರು ತಾವಾಗಿ ಹೋದವರು. ಈ ಹುಡುಗಿ ತಂದೆಯ ಮಾತಿಗೆ ತಲೆಬಾಗಿ ಬಂದವಳು. ಅಲ್ಲಿ ಸೋತವರು ವಿಮಾನ ಹತ್ತಿ ಊರಿಗೆ ಹೋದರು. ಇಲ್ಲಿ ಸೋತವಳು ಅಡುಗೆಮನೆಯ ಮೂಲೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದಿನ ತಂಡಕ್ಕಾಗಿ ಕಾಯುತ್ತಾಳೆ. ಇವೆರಡರಲ್ಲಿ ಯಾವುದು ಹೆಚ್ಚು ಕ್ರೂರ?

ವಿವಾಹಕ್ಕೆ ಮುಂಚೆ ವಧುವನ್ನು ನೋಡಲು ಇಸ್ಲಾಮ್ ಅನುಮತಿ ನೀಡಿದೆ, ನಿಜ. ಅದು ಜೊತೆಯಾಗಿ ಬಾಳಬೇಕಾದ ಇಬ್ಬರ ನಡುವೆ ಅನುರಾಗ ಮೂಡಲೆಂದು. ಹತ್ತು ಮನೆ ಸುತ್ತಿ ಅಂಕ ಕೊಟ್ಟು ಬರಲೆಂದಲ್ಲ. ವರನು ಕೊಡಬೇಕಾದ ಮಹ್ರ್‌ನ ಸ್ಥಾನದಲ್ಲಿ ವಧುವಿನಿಂದ ವಸೂಲಿ ಮಾಡುವ ವರದಕ್ಷಿಣೆಗಂತೂ ನಮ್ಮ ಧರ್ಮದಲ್ಲಿ ಆಧಾರವೇ ಇಲ್ಲ.

ಜುಲೈಬೀಬ್(ರ) ಎಂಬ ಸಹಾಬಿ ಗಿಡ್ಡಗಿದ್ದರು, ನೋಡಲು ಚೆಲುವರಾಗಿರಲಿಲ್ಲ. ಪ್ರವಾದಿವರ್ಯರು(ಸ) ಅವರಿಗಾಗಿ ಅನ್ಸಾರ್ ಮನೆತನವೊಂದರ ಹೆಣ್ಣನ್ನು ಕೇಳಿದರು. ತಂದೆತಾಯಿ ಹಿಂಜರಿದಾಗ, ಪ್ರವಾದಿ(ಸ)ಯವರ ಆಯ್ಕೆಯನ್ನು ತಿರಸ್ಕರಿಸಬಾರದೆಂದು ಆ ಹುಡುಗಿಯೇ ಮುಂದೆ ಬಂದಳು. ಮುಂದೆ ಜುಲೈಬೀಬ್(ರ) ಹುತಾತ್ಮರಾದಾಗ, ಅವರು ನನ್ನವರು, ನಾನು ಅವರವನು ಎಂಬರ್ಥದ ಮಾತು ಪ್ರವಾದಿ(ಸ)ಯವರ ಬಾಯಿಂದ ಬಂದಿತು. ಅಲ್ಲಾಹನು ನಮ್ಮ ರೂಪವನ್ನಾಗಲಿ ಸಂಪತ್ತನ್ನಾಗಲಿ ನೋಡುವುದಿಲ್ಲ, ಹೃದಯವನ್ನೂ ಕರ್ಮವನ್ನೂ ನೋಡುತ್ತಾನೆಂದು ಕಲಿಸಿದವರೂ ಅವರೇ. ಇಸ್ಲಾಮ್ ಸೌಂದರ್ಯದ ಶತ್ರುವಲ್ಲ. ಅಲ್ಲಾಹನು ಸೌಂದರ್ಯವನ್ನು ಮೆಚ್ಚುವವನೆಂದೂ ಪ್ರವಾದಿವಚನವಿದೆ. ಸೌಂದರ್ಯವನ್ನು ಸಂತೆಯ ಸರಕಾಗಿಸುವುದನ್ನು, ಅದಿಲ್ಲವೆಂದು ಒಬ್ಬರನ್ನು ಹೀನಾಯವಾಗಿ ಕಾಣುವುದನ್ನು ಅದು ಒಪ್ಪುವುದಿಲ್ಲ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಲೇಬೇಕಾಗಿದೆ. 2002ರಲ್ಲಿ ಈ ಸ್ಪರ್ಧೆ ನೈಜೀರಿಯಾದಲ್ಲಿ ನಡೆಯುವುದಿತ್ತು. ಆ ಸಂದರ್ಭದಲ್ಲಿ ಅಲ್ಲಿನ ಪತ್ರಿಕೆಯೊಂದು ಪ್ರವಾದಿವರ್ಯರ(ಸ) ಬಗ್ಗೆ ಅಗೌರವದ ಮಾತನ್ನು ಅಚ್ಚು ಹಾಕಿತು. ಕಡುನಾ ನಗರದಲ್ಲಿ ಗಲಭೆ ಹೊತ್ತಿಕೊಂಡಿತು. ಮುಸ್ಲಿಮರೂ ಕ್ರೈಸ್ತರೂ ಸೇರಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಸ್ಪರ್ಧೆ ಲಂಡನ್ನಿಗೆ ಹೋಗಿ ಅದೇ ಡಿಸೆಂಬರಿನಲ್ಲಿ ಸುಸೂತ್ರವಾಗಿ ನಡೆಯಿತು. ಸತ್ತವರು ಮರಳಲಿಲ್ಲ. ಓರ್ವ ನಿರಪರಾಧಿಯ ಕೊಲೆಯನ್ನು ಇಡೀ ಮಾನವಕುಲದ ಕೊಲೆಗೆ ಸಮಾನವೆಂದು ಕಲಿತವರು, ಲಜ್ಜೆಯ ಹೆಸರಿನಲ್ಲಿ ರಕ್ತ ಹರಿಸಿದರೆ ಅದಕ್ಕಿಂತ ಲಜ್ಜಾಸ್ಪದವಾದುದು ಬೇರೇನಿದೆ? ಕೆಡುಕನ್ನು ವಿರೋಧಿಸಬೇಕು. ಆದರೆ ನ್ಯಾಯದ ಮಾತಿನಿಂದ, ಶಾಂತಿಯ ಮಾರ್ಗದಿಂದ, ಮೊದಲು ನಮ್ಮ ಮನೆಯಿಂದ.

ಪ್ರಿಯ ತಂದೆಯಂದಿರೇ, ಇಂದು ಆ ಟಿ.ವಿ. ಮೊಬೈಲ್ ಆಗಿ ಪ್ರತಿಯೊಬ್ಬರ ಕಿಸೆ ಸೇರಿದೆ. ನೀವು ಪರದೆಯನ್ನು ನೋಡುತ್ತಿರುವಾಗ ನಿಮ್ಮ ಮಗಳು ನಿಮ್ಮ ಮುಖವನ್ನು ನೋಡುತ್ತಾಳೆ. ಯಾರನ್ನು ಕಂಡು ನೀವು ‘ವಾಹ್’ ಎಂದಿರಿ, ಯಾರನ್ನು ಕಂಡು ನಕ್ಕಿರಿ ಎಂಬುದರಿಂದ ಅವಳು ತನ್ನ ಬೆಲೆಯನ್ನು ಲೆಕ್ಕ ಹಾಕಿಕೊಳ್ಳುತ್ತಾಳೆ. ಅವಳ ಬಣ್ಣವನ್ನು ಹಾಸ್ಯಕ್ಕೂ ಎತ್ತಿ ಆಡಬೇಡಿರಿ. ಅವಳ ಪ್ರಾಮಾಣಿಕತೆಯನ್ನು, ಓದನ್ನು, ದಯೆಯನ್ನು ಅವಳ ಮುಂದೆಯೇ ಹೊಗಳಿರಿ. ಮಗನಿಗೆ ಹೆಣ್ಣು ಹುಡುಕುವಾಗ ಧರ್ಮನಿಷ್ಠೆಯನ್ನು ಮೊದಲು ವಿಚಾರಿಸಿರಿ. ನೋಡಲು ಹೋದ ಮನೆಯಿಂದ ಯಾವ ಹೆಣ್ಣುಮಗಳೂ ಕಣ್ಣೀರಿಡದಂತೆ ಹಿಂತಿರುಗಿರಿ. ಆ ಕಣ್ಣೀರಿಗೂ ನಾಳೆ ಲೆಕ್ಕ ಕೊಡಲಿಕ್ಕಿದೆ.

ಕರುಣಾಮಯನಾದ ಅಲ್ಲಾಹನು ನಮ್ಮ ದೃಷ್ಟಿಗೆ ಲಜ್ಜೆಯನ್ನೂ ನಾಲಗೆಗೆ ಸಂಯಮವನ್ನೂ ಮನೆಗಳಿಗೆ ನೆಮ್ಮದಿಯನ್ನೂ ದಯಪಾಲಿಸಲಿ. ಆಮೀನ್.